ಮುಂಗೈಯ ದಾರ

ನಂಜನಗೂಡಿನಲ್ಲಿ ಅಧ್ಯಾಪಕನಾಗಿರುವವನು ಎರಡು ಪಂಚಾಂಗಗಳನ್ನು ನೋಡಿಕೊಂಡು ಬಾಳಬೇಕು. ಒಂದು ಮೈಸೂರು ವಿಶ್ವವಿದ್ಯಾನಿಲಯದ್ದು, ಇನ್ನೊಂದು ಶ್ರೀಕಂಠೇಶ್ವರನದು. ಮೊದಲನೆಯದನ್ನು ಮರೆತರೆ ಪ್ರಾಂಶುಪಾಲರು ನೆನಪು ಮಾಡಿಕೊಡುತ್ತಾರೆ. ಎರಡನೆಯದನ್ನು ಮರೆತರೆ ಖಾಲಿ ಬೆಂಚುಗಳು ನೆನಪು ಮಾಡಿಕೊಡುತ್ತವೆ. ಹುಣ್ಣಿಮೆಯ ದಿನ ಪಂಪನನ್ನು ಪಾಠ ಮಾಡಹೋಗಿ, ತರಗತಿಯ ಅರ್ಧಪಾಲು ಕಪಿಲೆಯಲ್ಲಿ ಮುಳುಗು ಹಾಕುತ್ತಿದೆಯೆಂಬ ಸಮಾಚಾರವನ್ನು ಉಳಿದರ್ಧಪಾಲಿನಿಂದ ಕೇಳಿ ತಿಳಿದುಕೊಂಡದ್ದು ನನಗೆ ಒಂದೆರಡು ಸಲವಲ್ಲ.

ನಮ್ಮ ವಿದ್ಯಾರ್ಥಿಗಳು ಬರುವುದು ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳ ಹಳ್ಳಿಗಳಿಂದ. ಅವರ ಮುಖಗಳಿಗಿಂತ ಮೊದಲು ನನಗೆ ಪರಿಚಯವಾಗುವುದು ಅವರ ಮುಂಗೈಗಳು. ಹಾಜರಿ ಪುಸ್ತಕವನ್ನು ಹಿಡಿದುಕೊಂಡು ಬಾಗಿಲ ಬಳಿ ನಿಂತರೆ ಸಾಕು, ಕರಿಯ ದಾರ, ಅರಿಶಿನದ ದಾರ, ದರ್ಗಾದಿಂದ ತಂದ ಹಸಿರು ದಾರ, ತಾಮ್ರದ ತಾಯತ ಎಲ್ಲವೂ ಒಂದೊಂದಾಗಿ ಒಳಗೆ ಬರುತ್ತವೆ. ಕನ್ನಡ ಎಂ.ಎ. ಮಾಡಿದವನಿಗೆ ಹಸ್ತಪ್ರತಿಗಳನ್ನು ಓದುವ ಚಪಲ ಇದ್ದೇ ಇರುತ್ತದೆ. ನಾನು ಹಸ್ತವನ್ನೇ ಪ್ರತಿಯೆಂದು ಓದತೊಡಗಿದೆ. ಪರೀಕ್ಷೆ ಹತ್ತಿರ ಬಂದ ಹಾಗೆ ದಾರಗಳ ಸಂಖ್ಯೆ ಏರುತ್ತದೆ, ಫಲಿತಾಂಶ ಬಂದ ಮೇಲೆ ಇಳಿಯುತ್ತದೆ. ಇಷ್ಟನ್ನು ಕಂಡುಹಿಡಿದು ನಾನು ತೃಪ್ತನಾಗಿದ್ದೆ. ಓದುವುದಕ್ಕೂ ಎಣಿಸುವುದಕ್ಕೂ ವ್ಯತ್ಯಾಸವಿದೆಯೆಂಬುದು ಆಗ ಹೊಳೆಯಲಿಲ್ಲ.

ಎಣಿಸಿದ್ದು ಸಾಲದೆಂದು ಒಂದು ಹಾಸ್ಯವನ್ನೂ ಕಟ್ಟಿಕೊಂಡಿದ್ದೆ. "ಪರೀಕ್ಷೆ ಬರೆಯುವುದು ಕೈಯೋ, ದಾರವೋ? ದಾರವೇ ಬರೆಯುವುದಾದರೆ ಹಾಲ್ ಟಿಕೆಟ್ಟನ್ನು ಅದರ ಹೆಸರಿಗೇ ಮಾಡಿಸೋಣ." ವರ್ಷಕ್ಕೊಮ್ಮೆ ಈ ಮಾತು ತರಗತಿಯಲ್ಲಿ ಆಗಲೇಬೇಕು. ಹುಡುಗರು ನಗುತ್ತಿದ್ದರು. ಹಳೆಯ ನಾಟಕದ ಹಾಸ್ಯಗಾರನಿಗೆ ಇಂಥ ಮಾತಿಗೆ ಇಂಥ ಕಡೆ ಚಪ್ಪಾಳೆ ಬೀಳುತ್ತದೆಂದು ಗೊತ್ತಿರುವ ಹಾಗೆ ನನಗೂ ಗೊತ್ತಿತ್ತು.

2022ರಲ್ಲಿ ಆ ಮಾತಿಗೆ ನಗದ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ. ಎರಡನೆಯ ವರ್ಷದ ಬಿ.ಎ.; ಸಂಗಮದ ಸಮೀಪದ ಹಳ್ಳಿಯವನು; ಕಿಟಕಿಯ ಪಕ್ಕದಲ್ಲಿ ಕೂರುತ್ತಿದ್ದ; ಅಕ್ಷರ ಮುತ್ತಿನ ಹಾಗೆ. ಮರುದಿನದಿಂದ ಅವನು ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿಕೊಂಡು ಬರತೊಡಗಿದ. ಬಿಸಿಲು ಕಾಲ. ನಾನು ಅದನ್ನು ನೋಡಿದೆ, ಇವನಿಗೆ ಬುದ್ಧಿ ಬಂದಿತೆಂದುಕೊಂಡೆ.

ಆಗ ನಾನು ಜನ್ನನ ಯಶೋಧರ ಚರಿತೆಯನ್ನು ಪಾಠ ಮಾಡುತ್ತಿದ್ದೆ. 1209ರಲ್ಲಿ ಮುಗಿದ ಆ ಕಾವ್ಯದ ಕಥೆ ವಾಚಕರಿಗೆ ಗೊತ್ತಿದ್ದೀತು. ಅರಸ ಯಶೋಧರ ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ಅದರ ಶಾಂತಿಗಾಗಿ ಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲೊಲ್ಲದ ಮಗ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕಡಿದದ್ದು ಹಿಟ್ಟು, ಆದರೆ ಸಂಕಲ್ಪ ಕೊಲೆಯದಾದ್ದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಆ ದಿನ ಈ ಹುಡುಗ ಎದ್ದು ನಿಂತು, "ಸಾರ್, ಮನಸ್ಸಿಗೆ ಬಂದದ್ದಕ್ಕೂ ಶಿಕ್ಷೆಯಾ?" ಎಂದು ಕೇಳಿದ.

ಅಧ್ಯಾಪಕರಿಗೆ ಒಳ್ಳೆಯ ಪ್ರಶ್ನೆಯಷ್ಟು ಮತ್ತೇರಿಸುವ ವಸ್ತು ಮತ್ತೊಂದಿಲ್ಲ. "ಭೇಷ್! ಇದೇ ಕಾವ್ಯದ ಜೀವಾಳ" ಎಂದು ಹೊಗಳಿ, ಸಂಕಲ್ಪ ಹಿಂಸೆಯ ಮೇಲೆ ಅರ್ಧ ಪುಟ ನೋಟ್ಸು ಬರೆಸಿದೆ. ಕೈ ಮಾಡಿದ್ದಕ್ಕಿಂತ ಮನಸ್ಸು ಮಾಡಿದ್ದು ಘೋರ, ಮನಸ್ಸಿಗೆ ಸುಳಿದ ಹಿಂಸೆಯೂ ಹಿಂಸೆಯೇ ಎಂದು. ಅವನು ಕುಳಿತುಕೊಂಡು ಅಚ್ಚುಕಟ್ಟಾಗಿ ಬರೆದುಕೊಂಡ. ಅದಾದ ಹತ್ತು ಹನ್ನೆರಡು ದಿನಕ್ಕೆ ಕಾಲೇಜಿಗೆ ಬರುವುದನ್ನು ಬಿಟ್ಟ.

ಒಂದು ಹುಣ್ಣಿಮೆಯ ಬೆಳಿಗ್ಗೆ, ಹೇಗಿದ್ದರೂ ಪಾಠ ನಡೆಯುವುದಿಲ್ಲವೆಂದು ದೇವಸ್ಥಾನದ ಕಡೆ ಹೊರಟಿದ್ದೆ. ಮುಡಿ ಕೊಟ್ಟು ಬಂದ ಬೋಳುತಲೆಗಳು, ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುವವರು, ಬಾಳೆಹಣ್ಣು ಮಾರುವವರು. ಆ ಸಂದಣಿಯಲ್ಲಿ ಒಬ್ಬ ಹೆಂಗಸು, "ಮೇಷ್ಟ್ರಲ್ವಾ ನೀವು?" ಎಂದು ನನ್ನೆದುರು ನಿಂತರು. ಪಕ್ಕದಲ್ಲಿ ಆ ಹುಡುಗ. ಕಣ್ಣ ಕೆಳಗೆ ಕಪ್ಪು; ಮೈಮೇಲೆ ಹೊರಳಿದ ಮಣ್ಣು. ಅಂಗಿಯಿಲ್ಲದ್ದರಿಂದ ಎರಡು ಕೈಗಳೂ ಕಾಣುತ್ತಿದ್ದವು. ನಾನು ಎಣಿಸುವ ಅಭ್ಯಾಸದಿಂದ ಎಣಿಸಿದೆ: ಏಳು ದಾರ.

"ನಿದ್ದೆ ಮಾಡಿ ತಿಂಗ್ಳಾಯ್ತು ಕನ ಸಾ. ಗಾಳಿ ಸೋಕದ ಅಂತವ್ರೆ. ಮನೇಲಿರೊ ಕುಡ್ಲು, ಮಚ್ಚು, ಈಳ್ಗೆಮಣೆ ಎಲ್ಲಾನೂ ಹುಲ್ಲಿನ ಮೆದೇಲಿ ಬಚ್ಚಿಡ್ತನ. ಗಾಳಿಗೆ ಕಬ್ಬುಣ ಆಗದಿಲ್ವಂತಲ್ಲ, ಅದ್ಕೇ ಬಚ್ಚಿಡ್ತದ ಅಂದ್ರು ಮಂತ್ರ ಹಾಕೋರು. ಕುಡ್ಲ ದಿಂಬಿನ ಕೆಳಕ್ಕೆ ಮಡಗಿ ಅಂತ ಹೇಳುದ್ರು. ಮಡಗುದ್ರೆ ಇನ್ನೂ ಜಾಸ್ತಿಯಾಯ್ತು."

ಬೇವಿನ ಸೊಪ್ಪಿನಲ್ಲಿ ಬಡಿದದ್ದನ್ನೂ ಹೇಳಿದರು. ಭೂತ ಬಿಡಿಸುವೆನೆಂದು ಮನುಷ್ಯನನ್ನು ಹೊಡೆಯುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರಲ್ಲಿ ಆದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದನ್ನು ಆ ತಾಯಿಗೆ ಹೇಳುವ ಸಮಯ ಅದಾಗಿರಲಿಲ್ಲ. ನನಗೆ ಹೇಳಿಕೊಳ್ಳುವ ಮುಖವೂ ಇರಲಿಲ್ಲ.

ಇಲ್ಲಿ ನನ್ನ ಮನೆಯ ವಿಷಯವನ್ನು ಹೇಳದಿದ್ದರೆ ವಂಚನೆಯಾದೀತು. ನಾನು ಹುಟ್ಟಿದ್ದು ನರಸೀಪುರದಲ್ಲಿ. ಕಾವೇರಿ ಕಪಿಲೆಯರು ಕಣ್ಣಿಗೆ ಕಾಣುವಂತೆಯೂ, ಸ್ಫಟಿಕ ಸರೋವರ ಕಾಣದಂತೆಯೂ ಕೂಡುವ ಊರು. ಅಲ್ಲಿಯ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ನಮ್ಮೂರಿನವರ ಅಭಿಮಾನ. ನನ್ನ ಚಿಕ್ಕಪ್ಪ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದವರು, ಎರಡನೆಯ ವರ್ಷದ ನಡುವೆ ಒಂದು ಟ್ರಂಕು ಹೊತ್ತುಕೊಂಡು ಮನೆಗೆ ಬಂದುಬಿಟ್ಟರು. "ಓದು ತಲೆಗೇರಿತು" ಎಂದರು ಊರವರು. ಹಳ್ಳಿಯಲ್ಲಿ ಈ ಮಾತು ಬಹಳ ಬಲವಾದದ್ದು. ಜಾಣನಿಗೆ ಹುಚ್ಚು ಹಿಡಿಯುತ್ತದೆಂದು ನಂಬಿದರೆ, ಹುಚ್ಚು ಹಿಡಿದದ್ದೂ ಒಂದು ಮರ್ಯಾದೆಯಾಗಿ ಕಾಣುತ್ತದೆ. ಆಸ್ಪತ್ರೆಗೆ ಕರೆದೊಯ್ದರೆ ಆ ಮರ್ಯಾದೆಯೂ ಹೋದೀತೆಂದು ಹೆದರಿಕೆ.

ಹಿತ್ತಿಲ ಕೋಣೆಯಲ್ಲಿದ್ದ ಅವರಿಗೆ ಊಟದ ತಟ್ಟೆಯನ್ನು ಕೊಂಡೊಯ್ಯುವುದು ನನ್ನ ಕೆಲಸ. ಅವರು ಯಾರೊಂದಿಗೂ ಜಗಳವಾಡಿದವರಲ್ಲ. ಗೋಡೆಯ ಕಡೆ ನೋಡಿಕೊಂಡು ಮೆಲ್ಲನೆ ಯಾರಿಗೋ ಉತ್ತರ ಹೇಳುತ್ತಿದ್ದರು, ಅಷ್ಟೆ. 1989ರಲ್ಲಿ ನಮ್ಮೂರಿನಲ್ಲಿ ಮೊದಲ ಕುಂಭಮೇಳ ನಡೆದಾಗ ಅಜ್ಜಿ ಅವರನ್ನು ಸಂಗಮದಲ್ಲಿ ಮುಳುಗಿಸಿ ಕರೆತಂದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ 1974ರಿಂದ ಇತ್ತು. ನಮ್ಮ ಮನೆಯಿಂದ ಒಂದು ಹಗಲಿನ ದಾರಿ. ಆ ದಾರಿಯನ್ನು ಹಿಡಿಯಬಹುದೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ನಾನು ಪಿ.ಯು.ಸಿ. ಓದುತ್ತಿದ್ದಾಗ ಚಿಕ್ಕಪ್ಪ ಜ್ವರ ಬಂದು ತೀರಿಕೊಂಡರು. ಸ್ನಾನ ಮಾಡಿಸುವ ಮೊದಲು ನನ್ನ ತಂದೆ ಅವರ ಕೈಯಲ್ಲಿದ್ದ ದಾರಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದರು. ಎಷ್ಟೋ ವರ್ಷ ಬಿಸಿಲು ಕಾಣದ ಆ ಜಾಗ ಬಳೆಯ ಹಾಗೆ ಬೆಳ್ಳಗಿತ್ತು.

ನನಗೆ ದಾರಗಳನ್ನು ಕಂಡರೆ ಆಗದಿರುವುದಕ್ಕೆ ಕಾರಣ ವಿಚಾರವಾದವೆಂದು ಸಹೋದ್ಯೋಗಿಗಳು ತಿಳಿದಿದ್ದಾರೆ. ನಾನೂ ಹಾಗೇ ತೋರಿಸಿಕೊಂಡಿದ್ದೇನೆ. ನಿಜವಾದ ಕಾರಣ ಆ ಬೆಳ್ಳನೆಯ ಬಳೆ. ಆದರೆ ಆ ಸಿಟ್ಟನ್ನು ತೀರಿಸಿಕೊಳ್ಳಲು ನನಗೆ ಸಿಕ್ಕಿದ್ದು ಇಪ್ಪತ್ತು ವರ್ಷದ ಹುಡುಗರ ಕೈಗಳು. ಮನೆಯಲ್ಲಿ ಯಾರೋ ಹೆದರಿದ್ದಾರೆ, ಈ ಮಗು ಸರಿಯಾಗಿಲ್ಲವೆಂದು ಅವರಿಗೆ ಗೊತ್ತಾಗಿದೆ, ಹೇಳಲು ಬೇರೆ ಮಾತು ಸಿಗದೆ ಒಂದು ಗಂಟು ಹಾಕಿ ಕಳುಹಿಸಿದ್ದಾರೆ. ದಾರದಲ್ಲಿ ಇಷ್ಟು ಬರೆದಿರುತ್ತದೆ. ನಾನು ನಕ್ಕದ್ದರಿಂದ ಆ ಓಲೆ ತೋಳಿನೊಳಗೆ ಸೇರಿಕೊಂಡಿತು.

ಅದಿರಲಿ. ಆ ದಿನ ತಾಯಿ ಪೂಜೆಯ ಸಾಲಿನಲ್ಲಿ ನಿಂತರು. ನಾನು ಹುಡುಗನನ್ನು ಕರೆದುಕೊಂಡು ಪರಶುರಾಮನ ಗುಡಿಯ ಕಡೆ ನಡೆದೆ. ಕಪಿಲೆಗೆ ಕೌಂಡಿನ್ಯ ಬಂದು ಸೇರುವ ಜಾಗ. ನಂಜನಗೂಡಿಗೆ ಬಂದವರು ಇದನ್ನು ನೋಡದಿದ್ದರೆ ಯಾತ್ರೆ ಪೂರ್ತಿಯಾಗುವುದಿಲ್ಲವೆಂದು ಹೇಳುತ್ತಾರೆ. ಆದರೂ ಅರ್ಧ ಜನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಏನು ಮಾತಾಡಬೇಕೆಂದು ತಿಳಿಯದೆ ನಾನು ಸ್ಥಳಪುರಾಣ ಹೇಳತೊಡಗಿದೆ. ಅಧ್ಯಾಪಕರ ಬುದ್ಧಿ, ಮೌನವನ್ನು ಪಾಠದಿಂದ ತುಂಬುತ್ತೇವೆ.

ತಂದೆಯ ಮಾತಿಗೆ ತಾಯಿಯ ತಲೆಯನ್ನು ಕಡಿದ ಪರಶುರಾಮನಿಗೆ, ತಾಯಿ ಮರಳಿ ಬದುಕಿದರೂ ಮನಸ್ಸಿಗೆ ನೆಮ್ಮದಿ ಇಲ್ಲವಾಯಿತು. ನಾರದನ ಮಾತಿನಂತೆ ಈ ಸಂಗಮಕ್ಕೆ ಬಂದ. ಗುಡಿ ಕಟ್ಟಲೆಂದು ಕೊಡಲಿಯಿಂದ ನೆಲವನ್ನು ಸವರುವಾಗ ಪೊದೆಯೊಳಗಿದ್ದ ಈಶ್ವರನ ತಲೆಗೇ ಏಟು ಬಿದ್ದು ರಕ್ತ ಹರಿಯಿತು. ಒಂದು ಪಾಪವನ್ನು ಕಳೆಯಬಂದು ಇನ್ನೊಂದನ್ನು ಮಾಡಿದೆನಲ್ಲಾ ಎಂದು ಅವನು ತನ್ನ ಕೈಗಳನ್ನೇ ಕಡಿದುಕೊಳ್ಳಹೊರಟ. ಆಗ ಈಶ್ವರ ತಡೆದು ಹೇಳಿದ್ದು ಇಷ್ಟೆ: ಹಸಿಮಣ್ಣು ತಂದು ಗಾಯಕ್ಕೆ ಮೆತ್ತು.

ಹುಡುಗ ನಿಂತ. "ತಾಯೀನ ನಿಜವಾಗ್ಲೂ ಕಡಿದೋನಿಗೂ ಇಲ್ಲಿ ಬುಟ್ಬುಟ್ರಾ ಸಾರ್?" ಎಂದ.

ಅನಂತರ ಅವನು ಹೇಳಿದ್ದನ್ನು ನಾನು ಪೂರ್ತಿಯಾಗಿ ಬರೆಯಲಾರೆ. ಕೆಲವು ತಿಂಗಳಿಂದ ಅವ್ವನಿಗೆ ತಾನೇ ಏನಾದರೂ ಮಾಡಿಬಿಡುತ್ತೇನೆಂಬ ಚಿತ್ರ ಕಣ್ಣೆದುರು ಬರುತ್ತಿತ್ತು. ಕುಡುಗೋಲು ಕಂಡರೆ ಬರುತ್ತಿತ್ತು, ಮಚ್ಚು ಕಂಡರೆ ಬರುತ್ತಿತ್ತು. ಬೇಡ ಬೇಡವೆಂದಷ್ಟೂ ಬರುತ್ತಿತ್ತು. ಅವ್ವನ ಜೀವ ಉಳಿಸಲು ಅವನು ಕಬ್ಬಿಣವನ್ನೆಲ್ಲ ಹುಲ್ಲಿನ ಮೆದೆಯಲ್ಲಿ ಬಚ್ಚಿಡುತ್ತಿದ್ದ. ಆ ಕಬ್ಬಿಣವನ್ನೇ ಗಾಳಿ ಓಡಿಸಲು ಅವ್ವ ಅವನ ದಿಂಬಿನ ಕೆಳಗಿಟ್ಟರು. ರಾತ್ರಿಯೆಲ್ಲ ಅವನು ತನ್ನೆರಡು ಕೈಗಳನ್ನು ಕಂಕುಳಲ್ಲಿ ಬಿಗಿದು ಕುಳಿತಿರುತ್ತಿದ್ದನಂತೆ. ಇದರ ನಡುವೆ ಮನಸ್ಸಿಗೆ ಸುಳಿದದ್ದೂ ಹಿಂಸೆಯೇ, ಅದಕ್ಕೆ ಜನ್ಮಜನ್ಮಾಂತರ ಶಿಕ್ಷೆ ಎಂದು ನಾನು ಬರೆಸಿದ್ದ ಅರ್ಧ ಪುಟ.

ಮೈಸೂರಿನಲ್ಲಿ ನನ್ನ ಸಹಪಾಠಿಯೊಬ್ಬ ಮನೋವೈದ್ಯನಾಗಿದ್ದಾನೆ. ಆ ವಾರವೇ ತಾಯಿ ಮಗನನ್ನು ಅಲ್ಲಿಗೆ ಕರೆದೊಯ್ದೆ. ತಾನು ಹೇಳಿದ್ದನ್ನು ನನ್ನ ಬಳಿ ಇಟ್ಟುಕೊಳ್ಳಬೇಕೆಂದು ಹುಡುಗ ಕೇಳಿದ್ದ. ವೈದ್ಯನಿಗೆ ಅವನೇ ಹೇಳಿದ, ತಾಯಿ ಹೊರಗಿದ್ದಾಗ. ಆಮೇಲೆ ಅವನು ಒಪ್ಪಿದ ಮೇಲೆ ವೈದ್ಯ ತಾಯಿಗೂ ವಿವರಿಸಿದ. ಅವನ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಬೇಡದ ಯೋಚನೆ ಎಲ್ಲರ ತಲೆಗೂ ಬರುತ್ತದೆ. ಎಳೆಗೂಸನ್ನು ಎತ್ತಿಕೊಂಡ ತಾಯಿಗೂ ಕೈ ಜಾರಿದರೆ ಎನ್ನಿಸುತ್ತದೆ. ನಾವು ಅದನ್ನು ನಮ್ಮೂರಿಗೆ ಹೋಗದ ಬಸ್ಸಿನ ಹಾಗೆ ಹೋಗಗೊಡುತ್ತೇವೆ. ಕೆಲವರಲ್ಲಿ ಅದು ನಿಂತುಬಿಡುತ್ತದೆ; ನೂಕಿದಷ್ಟೂ ಬಲವಾಗಿ ನಿಲ್ಲುತ್ತದೆ. ಇದಕ್ಕೆ ಗೀಳುರೋಗವೆಂದು ಹೆಸರು. ತಾಯಿಯ ಮೇಲೆ ಪ್ರೀತಿಯಿಲ್ಲದವನಿಗೆ ಇಂಥ ಯೋಚನೆ ಇಷ್ಟು ಹಿಂಸೆ ಕೊಡುವುದೇ ಇಲ್ಲ. ಮಾತ್ರೆಯಿದೆ, ಮಾತಿನ ಚಿಕಿತ್ಸೆಯಿದೆ. ವಾರಗಟ್ಟಲೆ, ತಿಂಗಳುಗಟ್ಟಲೆ ತಾಳ್ಮೆ ಬೇಕು.

"ಬಂದ ಯೋಚನೆ ಬೇರೆ, ಮಾಡಿದ ನಿರ್ಧಾರ ಬೇರೆ" ಎಂದು ಅವನು ಹೇಳಿದಾಗ ನನಗೆ ನಾಚಿಕೆಯಾಯಿತು. ಅದು ನಾನು ಹೇಳಬೇಕಾಗಿದ್ದ ಮಾತು. ಸಂಕಲ್ಪವೆಂದರೆ ಮನಸ್ಸು ಒಪ್ಪಿ ಮಾಡುವ ಕೆಲಸ. ಯಶೋಧರ ಕತ್ತಿಯನ್ನು ಕೈಗೆತ್ತಿಕೊಂಡ, ಹಿಟ್ಟಿನ ಕೊರಳಿಗೆ ಗುರಿಯಿಟ್ಟ. ಈ ಹುಡುಗ ಕತ್ತಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟವನು. ಇಪ್ಪತ್ತು ವರ್ಷ ಪಾಠ ಮಾಡಿದ ಕಾವ್ಯದಲ್ಲಿ ನನಗೆ ಈ ಗೆರೆ ಕಂಡಿರಲಿಲ್ಲ.

ತಾಯಿಗೆ ಇನ್ನೊಂದು ಸಂಶಯವಿತ್ತು. "ಹರಕೆ ಹೊತ್ತಿವ್ನಿ. ಮಾತ್ರೆ ನುಂಗುದ್ರೆ ದೇವ್ರಿಗೆ ಕ್ವಾಪ ಬಂದದಾ?" ಎಂದರು. ನಾನಾಗಿದ್ದರೆ ಆಗಲೂ ಒಂದು ಉಪನ್ಯಾಸ ಕೊಡುತ್ತಿದ್ದೆನೋ ಏನೋ. ವೈದ್ಯ ನಗಲಿಲ್ಲ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ನಂಜುಂಡನ ಸೇವೆಯಿಂದ ವಾಸಿಯಾಯಿತೆಂದೂ, ಅದಕ್ಕೆ ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಇರುವ ಪ್ರತೀತಿಯನ್ನು ನೆನಪಿಸಿ, "ನಿಮ್ಮ ದೇವರೂ ವೈದ್ಯನೇ ಕಣಮ್ಮ. ಹರಕೆಯನ್ನೂ ತೀರಿಸಿ, ಮಾತ್ರೆಯನ್ನೂ ಬಿಡಬೇಡಿ. ಕುಡುಗೋಲನ್ನು ಮಾತ್ರ ದಿಂಬಿನ ಕೆಳಗೂ ಬೇಡ, ಮೆದೆಯೊಳಗೂ ಬೇಡ. ಅದು ಯಾವಾಗಲೂ ಇರುವ ಕಡೆ ಇರಲಿ" ಎಂದ. ತಾಯಿ ಅದನ್ನು ಎರಡು ಸಲ ಕೇಳಿ ಮನದಟ್ಟು ಮಾಡಿಕೊಂಡರು.

ಗುಡಿಗಳನ್ನು ಸಾರಾಸಗಟಾಗಿ ಬಯ್ಯುವ ಧೈರ್ಯ ನನಗೆ ಈಗ ಉಳಿದಿಲ್ಲ. ನಿಮ್ಹಾನ್ಸಿನ ಮನೋವೈದ್ಯ ರಘುರಾಮ್ ಮತ್ತು ಅವರ ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಲ್ಲಿ ಬಡಿಯುವುದಿಲ್ಲ, ವಿಶೇಷ ಮಂತ್ರವೂ ಇಲ್ಲ. ಬೆಳಗಿನ ಪೂಜೆ, ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರೊಬ್ಬರು. ಸರಾಸರಿ ಆರು ವಾರದಲ್ಲಿ ರೋಗದ ಲಕ್ಷಣಗಳು ಹತ್ತಿರ ಹತ್ತಿರ ಶೇಕಡ 20ರಷ್ಟು ತಗ್ಗಿದ್ದವು. ಈ ಲೇಖನಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆಂದು ಬಂದು ಆಶ್ರಯ ಪಡೆದಿದ್ದ ರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದಿತು. ಸರಪಳಿ ಕಟ್ಟಿದ್ದರಿಂದ ಓಡಲಾರದೆ 28 ಮಂದಿ ಸುಟ್ಟುಹೋದರು. ಎರಡು ಕಡೆಯೂ ಜನ ಬಂದದ್ದು ನಂಬಿಕೆಯಿಂದಲೇ. ಒಂದು ಕಡೆ ಕೈಗೆ ಪೊರಕೆ ಕೊಟ್ಟರು, ಇನ್ನೊಂದು ಕಡೆ ಕಾಲಿಗೆ ಸರಪಳಿ ಹಾಕಿದರು.

ಕನ್ನಡ ಅಧ್ಯಾಪಕರಾದ ನಮಗೆ ಇದೆಲ್ಲ ತಿಳಿಯದೆಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ಡಾಕ್ಟರ್ ರಾಶಿಯವರು ಮನಸ್ಸಿನ ಕಾಯಿಲೆಗಳ ಮೇಲೆ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಾನು ಆ ಪುಸ್ತಕದ ಹೆಸರನ್ನು ಸ್ಪರ್ಧಾ ಪರೀಕ್ಷೆಯ ಒಂದಂಕದ ಪ್ರಶ್ನೆಗಾಗಿ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಬಿಡಿಸಿ ಓದಿದ್ದು ಆ ಹುಣ್ಣಿಮೆಯ ಮೇಲೆ. ಈಗ ತರಗತಿಯ ಕರಿಹಲಗೆಯ ಮೂಲೆಯಲ್ಲಿ 14416 ಎಂದು ಬರೆದಿಟ್ಟಿದ್ದೇನೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಎಂಬ ದೂರವಾಣಿಯ ಸಂಖ್ಯೆ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ಕಾಸು ಬೇಡ. ಬೋರ್ಡು ಒರೆಸುವ ಹುಡುಗರು ಆ ಮೂಲೆಯನ್ನು ಬಿಟ್ಟು ಒರೆಸುತ್ತಾರೆ.

ಹುಡುಗನಿಗೆ ಒಂದು ವರ್ಷ ಹೋಯಿತು. ನಡುವೆ ಒಮ್ಮೆ ಗುಣವಾಯಿತೆಂದು ತಾನೇ ಮಾತ್ರೆ ನಿಲ್ಲಿಸಿ ಮತ್ತೆ ಕಷ್ಟಪಟ್ಟ. ಪದವಿ ಮುಗಿಸಿದ, ಎರಡನೆಯ ದರ್ಜೆಯಲ್ಲಿ. ಕಾಲೇಜು ಬಿಟ್ಟ ಮೇಲೆ ನಾನು ಅವನನ್ನು ಕಂಡದ್ದು 2025ರ ಫೆಬ್ರವರಿಯಲ್ಲಿ, ನರಸೀಪುರದ ಕುಂಭಮೇಳದಲ್ಲಿ. ಮಿಂದು ಬರುವ ಜನ, ಧೂಳು, ಧ್ವನಿವರ್ಧಕದ ಗದ್ದಲ. "ಸಾರ್!" ಎಂದು ಯಾರೋ ಕೂಗಿದರು. ರಸ್ತೆಯ ಅಂಚಿನಲ್ಲಿ ಎಳನೀರಿನ ರಾಶಿ, ಸೋದರಮಾವನದಂತೆ, ಮೇಳದ ಮೂರು ದಿನ ಇವನು ಸಹಾಯಕ್ಕೆ ಬಂದಿದ್ದ. ತಾಯಿ ಗೋಣಿಯ ಮೇಲೆ ಕುಳಿತು ಚಿಲ್ಲರೆ ಎಣಿಸುತ್ತಿದ್ದರು. ಅವನ ಅಂಗಿಯ ತೋಳು ಮೊಳಕೈವರೆಗೆ ಮಡಿಸಿತ್ತು. ಮುಂಗೈಯಲ್ಲಿ ಒಂದೇ ಒಂದು ಕರಿಯ ದಾರ.

"ಹಿಟ್ಟಿನ ಕೋಳಿ ಪಾಠ ಈಗ್ಲೂ ಮಾಡ್ತೀರಾ ಸಾರ್?"

"ಮಾಡ್ತೀನಪ್ಪ."

"ಆ ನೋಟ್ಸು ತಪ್ಪಾಗಿತ್ತಲ್ವಾ?"

"ತಪ್ಪಾಗಿತ್ತು" ಎಂದೆ. "ಈಗ ಬೇರೆ ಬರೆಸುತ್ತೇನೆ."

ಅವನು ತಲೆಯಾಡಿಸಿ, ರಾಶಿಯಿಂದ ಒಂದು ಕಾಯನ್ನು ಆರಿಸಿ, ಅಂಗೈಯಲ್ಲಿ ತೂಗಿ ನೋಡಿ, ಮಚ್ಚು ತೆಗೆದುಕೊಂಡ. ಮೂರು ಏಟು, ನಾಲ್ಕನೆಯದಕ್ಕೆ ಬಾಯಿ ಬಿಟ್ಟಿತು. ನಾನು ಕುಡಿದು ಮುಗಿಸುವವರೆಗೂ ಅವನು ಇನ್ನೊಬ್ಬರಿಗೆ ಕೆತ್ತಿ ಕೊಡುತ್ತಿದ್ದ. ತಾಯಿ ಚಿಲ್ಲರೆಯಿಂದ ಕಣ್ಣೆತ್ತದೆ, "ಮೇಷ್ಟ್ರ ಕಾಯಲ್ಲಿ ಗಂಜಿ ಅದ ಏನೋ, ಸೀಳಿ ಕೊಡ್ಲಾ" ಎಂದು ನನ್ನ ಕೈಯಿಂದ ಬುರುಡೆಯನ್ನು ತೆಗೆದು, ಅವನು ಹೊಡೆಯುವುದಕ್ಕೆ ಅನುಕೂಲವಾಗುವ ಹಾಗೆ ಮರದ ಕೊರಡಿನ ಮೇಲೆ ಹಿಡಿದುಕೊಂಡರು.